ಸದಸ್ಯರು ತೀರಿಕೊಂಡಾಗ ಹಾಲಿನ ಹಣ ಯಾರ ಕೈಗೆ?



ಕೆಚ್ಚಲು ಬಾವು ಬಂದ ಹಸುವೊಂದನ್ನು ನೋಡಲು ಒಂದು ಹಳ್ಳಿಗೆ ಹೋಗಿದ್ದೆ. ಔಷಧ ಬರೆದುಕೊಟ್ಟು ಹೊರಡುವಾಗ ಮನೆಯ ತಾಯಿ ಒಂದು ಬ್ಯಾಂಕ್ ಪುಸ್ತಕವನ್ನೂ ಕಾಗದಗಳ ಕಟ್ಟನ್ನೂ ತಂದು ಮುಂದಿಟ್ಟರು. "ಸಾರ್, ಯಜಮಾನ್ರು ಹೋಗಿ ಮೂರು ತಿಂಗಳಾಯ್ತು. ಡೇರಿ ದುಡ್ಡು ಅವರ ಖಾತೇಲೇ ಐತೆ, ತೆಗೆಯಕ್ಕೆ ಕೊಡ್ತಿಲ್ಲ. ವಂಶವೃಕ್ಷ ತಂದುಕೊಟ್ರೂ ಇದಲ್ಲ, ಕೋರ್ಟಿಂದ ತನ್ನಿ ಅಂದ್ರು. ಹಿಂಡಿ ತರೋದು ಹೆಂಗೆ ಸಾರ್?" ಎಂದು ಕೇಳಿದರು.

ಹಸುವಿನ ಕಾಯಿಲೆಗೆ ನನ್ನ ಬಳಿ ಔಷಧವಿತ್ತು. ಈ ಪ್ರಶ್ನೆಗೆ ಇರಲಿಲ್ಲ. ತಾಲ್ಲೂಕಿನ ವಕೀಲರೊಬ್ಬರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಹಾಗೆ ತಿಳಿದ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಸಂಗ ಯಾವ ಮನೆಗೂ ಬರಬಹುದು.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಹಾಗೂ ಜೀವಂತ ಸದಸ್ಯರ ಪ್ರಮಾಣಪತ್ರವು ಕುಟುಂಬದಲ್ಲಿ ಯಾರು ಯಾರು ಇದ್ದಾರೆ ಎಂದು ಹೇಳುತ್ತವೆ, ಅಷ್ಟೇ. ಜಮೀನಿನ ಪೌತಿ ಖಾತೆ ಕಂದಾಯ ಇಲಾಖೆಯ ಕೆಲಸ. ತೀರಿಕೊಂಡವರಿಗೆ ಬೇರೆಯವರಿಂದ ಬರಬೇಕಾದ ಹಣ, ಅಂದರೆ ಬ್ಯಾಂಕ್ ಠೇವಣಿ, ಹಾಲಿನ ಬಾಕಿ, ಷೇರು ಮುಂತಾದವನ್ನು ಪಡೆಯಲು ನ್ಯಾಯಾಲಯ ಕೊಡುವ ಪತ್ರವೇ ಉತ್ತರಾಧಿಕಾರ ಪ್ರಮಾಣಪತ್ರ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದರ ವಿಧಿವಿಧಾನವಿದೆ. ಜಮೀನಿಗೂ ಮನೆಗೂ ಈ ಪತ್ರ ಸಲ್ಲದು. ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿಗೂ ಇದು ಬೇಡ, ಏಕೆಂದರೆ ಹಸು ಯಾರೋ ಕೊಡಬೇಕಾದ ಸಾಲವಲ್ಲ. ಆ ಹಸು ಕೊಟ್ಟ ಹಾಲಿನ ಹಣ ಸಂಘದಲ್ಲೋ ಬ್ಯಾಂಕಿನಲ್ಲೋ ನಿಂತರೆ ಮಾತ್ರ ಬೇಕಾಗಬಹುದು.

"ಬೇಕಾಗಬಹುದು" ಎಂದೆ. ಎಲ್ಲರಿಗೂ ಬೇಕಾಗುವುದಿಲ್ಲ. ನಾಮಿನಿ ಹೆಸರು ಬರೆಸಿದ್ದರೆ ಮರಣ ಪ್ರಮಾಣಪತ್ರ, ಕ್ಲೇಮು ಅರ್ಜಿ, ನಾಮಿನಿಯ ಗುರುತಿನ ಚೀಟಿ ಇಷ್ಟರಲ್ಲೇ ಬ್ಯಾಂಕಿನ ಕೆಲಸ ಮುಗಿಯುತ್ತದೆ. ನಾಮಿನಿ ಇಲ್ಲದಿದ್ದರೂ, ಮೊತ್ತ ಚಿಕ್ಕದಿದ್ದು ವಾರಸುದಾರರಲ್ಲಿ ತಕರಾರಿಲ್ಲದಿದ್ದರೆ, ಬ್ಯಾಂಕುಗಳು ಕೋರ್ಟಿನ ಪತ್ರ ಕೇಳದೆ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. 2025ರ ನಿರ್ದೇಶನದಲ್ಲಿ ಈ ಮಿತಿಯನ್ನು ಸಹಕಾರಿ ಬ್ಯಾಂಕುಗಳಿಗೆ 5 ಲಕ್ಷ, ಇತರ ಬ್ಯಾಂಕುಗಳಿಗೆ 15 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಲಾಗಿದೆ. ನಮ್ಮ ಸಂಘಗಳ ವಿಷಯದಲ್ಲೂ ಹೀಗೆಯೇ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ಸದಸ್ಯರ ಷೇರನ್ನೂ ಬಾಕಿಯನ್ನೂ ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ವಾರಸುದಾರರೆಂದು ಆಡಳಿತ ಮಂಡಳಿಗೆ ಕಂಡುಬಂದವರಿಗೆ ಕೊಡಲು ಅವಕಾಶವಿದೆ. ಸಣ್ಣ ಮೊತ್ತಕ್ಕೂ "ಕೋರ್ಟಿಗೆ ಹೋಗಿ" ಎಂದು ಕೈತೊಳೆದುಕೊಳ್ಳುವ ಕಾರ್ಯದರ್ಶಿಗಳು ಇದನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಹಾಗಾದರೆ ಆ ತಾಯಿಯನ್ನು ಕೋರ್ಟಿಗೆ ಅಟ್ಟಿದ್ದೇಕೆ? ಆಕೆಯ ಮೈದುನ "ಅಣ್ಣ ನನಗೆ ಹಣ ಕೊಡಬೇಕಿತ್ತು, ಯಾರಿಗೂ ಕೊಡಬೇಡಿ" ಎಂದು ಬ್ಯಾಂಕಿಗೆ ಬರೆದುಕೊಟ್ಟಿದ್ದರು. ನಾಮಿನಿ ಕಾಲಂ ಖಾಲಿ ಇತ್ತು. ತಕರಾರು ಬಂದ ಮೇಲೆ ಯಾರು ಸರಿ ಎಂದು ಬ್ಯಾಂಕಿನವರು ತೀರ್ಮಾನಿಸುವಂತಿಲ್ಲ. ಕೋರ್ಟಿನ ಪತ್ರ ಹಿಡಿದು ಬಂದವರಿಗೆ ಹಣ ಕೊಟ್ಟರೆ ಅವರ ಹೊಣೆ ಕಳೆಯಿತು. ಅದಕ್ಕಾಗಿಯೇ ಅವರು ಪತ್ರ ಕೇಳುತ್ತಾರೆ.

ಅರ್ಜಿ ಹಾಕುವುದು ತೀರಿಕೊಂಡವರು ವಾಸವಾಗಿದ್ದ ಊರಿಗೆ ಸೇರಿದ ಸಿವಿಲ್ ನ್ಯಾಯಾಲಯದಲ್ಲಿ. ಬ್ಯಾಂಕ್ ಎಲ್ಲಿದೆ ಎಂಬುದು ಮುಖ್ಯವಲ್ಲ. ತೀರಿಕೊಂಡ ದಿನಾಂಕ, ವಾಸಸ್ಥಳ, ಹತ್ತಿರದ ಬಂಧುಗಳೆಲ್ಲರ ಹೆಸರು, ವಿಳಾಸ, ಅರ್ಜಿದಾರರಿಗೆ ಯಾವ ಸಂಬಂಧದಿಂದ ಹಕ್ಕು ಬಂತು, ಎಲ್ಲೆಲ್ಲಿ ಎಷ್ಟೆಷ್ಟು ಹಣವಿದೆ, ಇವೆಲ್ಲ ಅರ್ಜಿಯಲ್ಲಿರಬೇಕು. ಇಲ್ಲಿಯೇ ಹಲವರು ಎಡವುತ್ತಾರೆ. ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಡುತ್ತಾರೆ. ಸುಳ್ಳು ಹೇಳಿಯೋ ಮುಖ್ಯ ಸಂಗತಿ ಮುಚ್ಚಿಟ್ಟೋ ಪಡೆದ ಪತ್ರವನ್ನು ನ್ಯಾಯಾಲಯ ಆಮೇಲೆ ರದ್ದು ಮಾಡಬಹುದು. ಬಾಕಿಗಳ ಪಟ್ಟಿಯಲ್ಲೂ ಎಚ್ಚರ ಬೇಕು. ಒಂದು ಖಾತೆ ಬಿಟ್ಟುಹೋದರೆ ಸೇರಿಸಲು ದಾರಿಯಿದೆ, ಆದರೆ ಮತ್ತೆ ಅಲೆದಾಟ. ಪಟ್ಟಿಯಲ್ಲಿ ಬರೆದ ಮೊತ್ತದ ಮೇಲೆಯೇ ಕೋರ್ಟ್ ಶುಲ್ಕ ಬೀಳುವುದರಿಂದ, ನಾಮಿನಿ ಇರುವ ಖಾತೆಯನ್ನು ಸುಮ್ಮನೆ ಸೇರಿಸುವುದೂ ಬೇಡ.

ಅರ್ಜಿ ದಾಖಲಾದ ಮೇಲೆ ಬಂಧುಗಳಿಗೆ ನೋಟೀಸು ಹೋಗುತ್ತದೆ. ಸಾಮಾನ್ಯವಾಗಿ ಪತ್ರಿಕೆಯಲ್ಲಿ ಪ್ರಕಟಣೆಯೂ ಬರುತ್ತದೆ. ಆಕ್ಷೇಪಣೆ ಇದ್ದವರು ಗೊತ್ತಾದ ದಿನ ಹಾಜರಾಗಿ ಹೇಳಬೇಕು. ಉಳಿದ ವಾರಸುದಾರರು "ನಮ್ಮ ತಕರಾರಿಲ್ಲ" ಎಂದರೆ ಕೆಲಸ ಹಗುರ. ನ್ಯಾಯಾಧೀಶರು ಅಗತ್ಯ ಕಂಡರೆ ಜಾಮೀನು ಬಾಂಡು ಕೇಳಬಹುದು. ಕೊಟ್ಟ ಪತ್ರ ಇಡೀ ದೇಶಕ್ಕೆ ಸಲ್ಲುತ್ತದೆ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರು ಇದನ್ನು ತಿಳಿದಿರಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಸಾಮಾನ್ಯವಾಗಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಆ ತಾಯಿಗೆ ವಕೀಲರು ಸಿಕ್ಕಿದ್ದು ಅಲ್ಲಿಯೇ. ವಿಚಾರಣೆಯ ದಿನ ಮೈದುನ ಬರಲೇ ಇಲ್ಲ. ಆದರೂ ಪತ್ರ ಕೈಗೆ ಬರುವ ಹೊತ್ತಿಗೆ ಏಳು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಎರಡು ಹಸುಗಳಲ್ಲಿ ಒಂದನ್ನು ಮೇವು ಹಿಂಡಿಯ ಸಾಲಕ್ಕೆ ಮಾರಿದ್ದರು. ನಾನೇ ಗರ್ಭ ಪರೀಕ್ಷೆ ಮಾಡಿ ನಾಲ್ಕು ತಿಂಗಳ ಗಬ್ಬ ಎಂದು ಹೇಳಿದ್ದ ಹಸು ಅದು.

ಪತ್ರ ಬಂದ ಮಾತ್ರಕ್ಕೆ ಹಣವೆಲ್ಲ ಆಕೆಯೊಬ್ಬರದೇ ಎಂದೂ ಅಲ್ಲ. ಪತ್ರ ಹಿಡಿದವರು ಹಣ ಎತ್ತಿ, ಹಕ್ಕುಳ್ಳವರಿಗೆ ಪಾಲು ಕೊಡಬೇಕು. ನಾಮಿನಿಯೂ ಹಾಗೆಯೇ. ನಾಮಿನಿ ಎಂದರೆ ಹಣ ಪಡೆಯುವ ಕೈ, ಮಾಲೀಕರಲ್ಲ. ವಿಮೆ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1984ರಲ್ಲಿಯೇ ಹೀಗೆ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಗಳಿಕೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆತ್ತ ತಾಯಿ ಎಲ್ಲರಿಗೂ ಸಮ ಪಾಲು. ಈ ಮನೆಯಲ್ಲಿ ಖಾತೆಯಲ್ಲಿದ್ದುದು 60 ಸಾವಿರ ರೂಪಾಯಿ. ಹೆಂಡತಿ, ಒಬ್ಬ ಮಗ, ಮದುವೆಯಾದ ಒಬ್ಬ ಮಗಳು, ಮೂಲೆಯಲ್ಲಿ ಕುಳಿತಿದ್ದ ಅಜ್ಜಿ, ತಲಾ 15 ಸಾವಿರ. ಅಜ್ಜಿಗೂ ಪಾಲಿದೆ ಎಂದಾಗ ಮನೆಯವರೆಲ್ಲ ಬೆರಗಾದರು. ತಮ್ಮನಿಗೆ ಇಲ್ಲಿ ಪಾಲಿಲ್ಲ. ಆತ ನಿಜವಾಗಿ ಸಾಲ ಕೊಟ್ಟಿದ್ದರೆ ಸಾಲಗಾರನಾಗಿ ಬೇರೆಯೇ ಕೇಳಬೇಕು. ಮುಸಲ್ಮಾನ, ಕ್ರೈಸ್ತ ಬಾಂಧವರ ಪಾಲಿನ ಲೆಕ್ಕ ಬೇರೆ, ಆದರೆ ಈ ಪ್ರಮಾಣಪತ್ರ ಪಡೆಯುವ ದಾರಿ ಒಂದೇ.

ಉಯಿಲು ಬರೆದಿಟ್ಟರೆ ಪಾಲಿನ ಪ್ರಶ್ನೆ ಸುಲಭವಾಗುತ್ತದೆ. ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಪಾಲು ಪಡೆಯುವವರನ್ನೇ ಸಾಕ್ಷಿ ಹಾಕಿಸಬೇಡಿ.

ಇನ್ನು ಡೇರಿಯ ಕಡೆ ಮಾಡಬೇಕಾದದ್ದು. ಸದಸ್ಯರು ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಹಾಲು ಹಾಕುತ್ತಾ ಹೋಗುವುದು ನಮ್ಮಲ್ಲಿ ರೂಢಿ. ಇದರಿಂದ ದುಡಿದವರ ಹಣ ಸತ್ತವರ ಖಾತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೂಡಲೇ ಕಾರ್ಯದರ್ಶಿಯವರಿಗೆ ತಿಳಿಸಿ, ಅಂದಿನಿಂದ ಹಾಕುವ ಹಾಲನ್ನು ಹಾಲು ಕರೆಯುವವರ ಹೆಸರಿಗೇ ಬರೆಸಿ, ಬಟವಾಡೆ ಅವರ ಸ್ವಂತ ಖಾತೆಗೆ ಬರುವಂತೆ ಮಾಡಿಕೊಳ್ಳಿ. ಷೇರು ವರ್ಗಾವಣೆ ಆಮೇಲೆ ಆಗಲಿ. ಸಾವಿನ ನೋಂದಣಿಯನ್ನು 21 ದಿನಗಳ ಒಳಗೆ ಮಾಡಿಸಿ. ಆ ಪತ್ರವಿಲ್ಲದೆ ಮೇಲೆ ಹೇಳಿದ ಯಾವ ಕೆಲಸವೂ ನಡೆಯದು.

ಹಸುವಿಗೆ ಕೋರ್ಟಿನ ಪತ್ರ ಬೇಡ ಎಂದೆನಾದರೂ ವಿಮೆಯನ್ನು ಮರೆಯಬೇಡಿ. ಕಿವಿಯೋಲೆಯ ಸಂಖ್ಯೆ ಅದೇ ಇರುತ್ತದೆ, ಆದರೆ ಪಾಲಿಸಿಯಲ್ಲಿ ಮಾಲೀಕರ ಹೆಸರು ತೀರಿಕೊಂಡವರದ್ದು. ಹೆಸರು ಬದಲಿಸದೆ ಇದ್ದಾಗ ಹಸುವೂ ಸತ್ತರೆ, ನಾವು ಶವಪರೀಕ್ಷೆ ವರದಿ ಕೊಟ್ಟರೂ ಪರಿಹಾರದ ಹಣ ಮತ್ತೆ ಇದೇ ವಾರಸುದಾರಿಕೆಯ ಪ್ರಶ್ನೆಗೆ ಸಿಕ್ಕಿಕೊಳ್ಳುತ್ತದೆ. ಮನೆಯವರೆಲ್ಲರ ಒಪ್ಪಿಗೆ ಪತ್ರ, ಮರಣ ಪ್ರಮಾಣಪತ್ರ, ಪಾಲಿಸಿ, ಓಲೆ ಸಂಖ್ಯೆ ಇಷ್ಟನ್ನು ತೆಗೆದುಕೊಂಡು ವಿಮಾ ಕಚೇರಿಗೆ ಬೇಗ ತಿಳಿಸಿ.

ನಾಮಿನಿ ಅರ್ಜಿಯ ನಮೂನೆ ಸಂಘದಲ್ಲಿ ಸಿಗುತ್ತದೆ. ಮುಂದಿನ ಬಟವಾಡೆಯ ದಿನ ಪಾಸ್ ಪುಸ್ತಕ ತೆರೆದು ಆ ಕಾಲಂ ಒಮ್ಮೆ ನೋಡಿ. ಮದುವೆಗೆ ಮುಂಚೆ ಅಪ್ಪನ ಹೆಸರು ಬರೆಸಿ, ಅಪ್ಪ ತೀರಿಕೊಂಡು ಹತ್ತು ವರ್ಷವಾದರೂ ಬದಲಿಸದವರು ನಮ್ಮ ಸಂಘಗಳಲ್ಲಿ ಇದ್ದಾರೆ.