ಮನೆಯೊಳಗಿನ ಕಡಲಿಗೆ ಪಾಚಿ ಕಟ್ಟಿದಾಗ

ಆ ದಿನ ಮಧ್ಯಾಹ್ನ ನಾನು ಕಾಲೇಜಿನಿಂದ ಮರಳಿದಾಗ ಅಡಿಗೆಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಪಕ್ಕದ ಬಕೆಟ್ಟಿನಲ್ಲಿ, ನಮ್ಮ ಉಪ್ಪುನೀರಿನ ಮೀನುತೊಟ್ಟಿಯಿಂದ ಎತ್ತಿದ ಬಂಡೆಯೊಂದು ಮೈತುಂಬ ಹಸಿರು ಕೂದಲು ಹೊತ್ತು ಕುಳಿತಿತ್ತು.

“ಉಜ್ಜಿ ಉಜ್ಜಿ ಕೈ ಸೋತುಹೋಯಿತು. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಸಾಯದ ಪಾಚಿ ಯಾವುದಿದೆಯಪ್ಪ?” ಎಂದರು ನನ್ನ ತಾಯಿ.

ಮಾತು ನ್ಯಾಯವಾಗಿಯೇ ತೋರಿತು. ನಾನೂ ಅಂಗಿಯ ತೋಳು ಮಡಿಸಿದೆ. ಅಷ್ಟರಲ್ಲಿ ಸಿಂಗಪುರದಿಂದ ನನ್ನ ಭಾವಮೈದುನನ ಫೋನು ಬಂದಿತು. ಸಂಗತಿ ಕಿವಿಗೆ ಬೀಳುತ್ತಲೇ ಅವನ ಧ್ವನಿ ಬದಲಾಯಿತು.

“ಭಾವ, ಮೊದಲು ಒಲೆ ಆರಿಸಿ. ಆಮೇಲೆ ಮಾತು.”

ಆ ಬಂಡೆಯ ಒಂದು ಮಗ್ಗುಲಿನಲ್ಲಿ ಅಂಗಿಯ ಗುಂಡಿಗಳನ್ನು ಹೊಲಿದಂತೆ ಪುಟ್ಟ ಪುಟ್ಟ ಜೀವಿಗಳಿದ್ದವು. ಜೊವಾಂಥಿಡ್ ಎಂಬುದು ಹವಳದ ಈ ನೆಂಟನ ಹೆಸರು. ಇವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತವೆ. ನಿಸರ್ಗದಲ್ಲಿ ದೊರೆಯುವ ಅತ್ಯುಗ್ರ ವಿಷಗಳಲ್ಲಿ ಅದೂ ಒಂದು. ಬಂಡೆಯನ್ನು ಕುದಿಸಿದರೆ, ಬಿಸಿನೀರು ಸುರಿದರೆ, ಒಣಗಿದ ಮೇಲೆ ಬಿರುಸಾಗಿ ಕೆರೆದರೆ, ಆ ವಿಷ ಹಬೆಯೊಡನೆ ಅಥವಾ ತುಂತುರಿನೊಡನೆ ಶ್ವಾಸಕೋಶವನ್ನು ಸೇರಬಲ್ಲುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ಇಂಥ ತೊಟ್ಟಿಯನ್ನು ಶುಚಿಮಾಡಲು ಹೋಗಿ ಇಡೀ ಕುಟುಂಬವೇ ಆಸ್ಪತ್ರೆ ಸೇರಿತು. ನಮ್ಮ ಅಡಿಗೆಮನೆಗೆ ಇರುವುದು ಒಂದೇ ಕಿಟಕಿ. ಏಳು ವರ್ಷದ ಮಗಳು ಅಜ್ಜಿಯ ಸೆರಗು ಹಿಡಿದು ಅಲ್ಲಿಯೇ ನಿಂತಿದ್ದಳು. ಆ ಗಳಿಗೆಯನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ತೊಟ್ಟಿ ನಮ್ಮದಲ್ಲ, ಉದ್ಯೋಗಕ್ಕಾಗಿ ಹೊರಟ ಆ ಭಾವಮೈದುನನೇ ಬಿಟ್ಟುಹೋದದ್ದು. ಇನ್ನೂರು ಲೀಟರ್ ನೀರು, ಲೀಟರಿಗೆ ಸುಮಾರು 35 ಗ್ರಾಂ ಕಡಲುಪ್ಪು, ಎರಡು ಕಿತ್ತಳೆ ಬಣ್ಣದ ಕ್ಲೌನ್ ಮೀನು, ಕೆಲವು ಮೆದುಹವಳ. ಕಲ್ಲುಹವಳವನ್ನು ಅವನು ಇಟ್ಟಿರಲಿಲ್ಲ. 2001ರಿಂದ ಅವು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಪಂಕ್ತಿಯಲ್ಲಿಯೇ ಕುಳಿತಿವೆ. ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಅವನ್ನು ಕೀಳುವುದು ಅಪರಾಧ.

ಮೂರು ತಿಂಗಳು ಎಲ್ಲವೂ ಸೊಗಸಾಗಿತ್ತು. ಆಮೇಲೆ ಹಸಿರು ಬಂದಿತು. ನಮ್ಮ ಹಿರಿಯರು ಹಾವಸೆ ಎಂದು ಕರೆದ, ಕಲ್ಲಿನ ಮೇಲೆ ಕಾಲು ಜಾರಿಸುವ ಪಾಚಿ ಇದಲ್ಲ. ಬೆರಳುದ್ದ ಬೆಳೆದು ಅಲೆಯೊಡನೆ ತೂಗುವ ಕೂದಲುಪಾಚಿ. ನೋಟಕ್ಕೆ ಚೆಲುವೇ, ಆದರೆ ಅದರ ನೆರಳಿನಲ್ಲಿ ಹವಳ ಮುದುಡಿಕೊಳ್ಳುತ್ತದೆ.

ಕೂದಲುಪಾಚಿಗೆ ಬೇಕಾದುದು ಬೆಳಕು, ನೈಟ್ರೇಟು, ಫಾಸ್ಫೇಟು. ನಾವು ಮೂರನ್ನೂ ಧಾರಾಳವಾಗಿ ಬಡಿಸುತ್ತಿದ್ದೆವು. ಮಗಳು ಬೆಳಿಗ್ಗೆ, ಅಜ್ಜಿ ಮಧ್ಯಾಹ್ನ, ನಾನು ರಾತ್ರಿ, ಒಬ್ಬರಿಗೆ ತಿಳಿಯದಂತೆ ಒಬ್ಬರು ಮೀನಿಗೆ ಊಟ ಹಾಕುತ್ತಿದ್ದೆವು. ಉಳಿದದ್ದು ಕೊಳೆತು ಪಾಚಿಗೆ ಗೊಬ್ಬರವಾಯಿತು. ಇನ್ನೊಂದು ದೋಷ ನೀರಿನದು. ಬೆಂಗಳೂರಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ನೈಟ್ರೇಟು ಹೆಚ್ಚು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂವರೆಗೆ ನಮ್ಮ ಮಾನದಂಡ ಒಪ್ಪುತ್ತದೆ. ಹವಳದ ತೊಟ್ಟಿಗೆ ಹತ್ತರ ಒಳಗಿದ್ದರೆ ಕ್ಷೇಮ. ಅಡಿಗೆಮನೆಯ ಶುದ್ಧಿಯಂತ್ರದ ನೀರನ್ನೇ ಬಳಸುತ್ತಿದ್ದೇನಲ್ಲ ಎಂದು ನಾನು ವಾದಿಸಿದೆ. ಅಂಥ ಯಂತ್ರಗಳಲ್ಲಿ ಹಲವು, ರುಚಿಗೆಂದು ಸ್ವಲ್ಪ ಮೂಲನೀರನ್ನೇ ಮತ್ತೆ ಬೆರೆಸುತ್ತವೆ ಎಂಬುದು ಆಗ ತಿಳಿಯಿತು.

ಕಡಲಿನಲ್ಲಿ ಈ ಪಾಚಿಯನ್ನು ಯಾರು ಹಿಡಿತದಲ್ಲಿಡುತ್ತಾರೆ? ಮೇಯುವವರು. ಕೆರಿಬಿಯನ್ ಸಮುದ್ರದ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ಡಯಾಡೆಮ ಎಂಬ, ನೀಳ ಕರಿಮುಳ್ಳಿನ ಚೆಂಡಿನಂಥ ಪ್ರಾಣಿ ರಾತ್ರಿಯೆಲ್ಲ ಬಂಡೆಗಳನ್ನು ಮೇಯುತ್ತಿತ್ತು. 1983ರಲ್ಲಿ ಪನಾಮದ ಬಳಿ ಅದಕ್ಕೊಂದು ಜಾಡ್ಯ ತಗುಲಿ, ವರ್ಷವೊಂದರಲ್ಲಿ ಇಡೀ ಸಮುದ್ರವನ್ನು ವ್ಯಾಪಿಸಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. ಜಮೈಕದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ಅದಕ್ಕೆ ಮುಂಚೆಯೇ ಹಿಡಿದು ತೀರಿಸಿದ್ದರು. 1980ರ ಚಂಡಮಾರುತ ಹವಳವನ್ನು ಮುರಿದಿತ್ತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಕಡಲತಳದ ಸುಮಾರು ಅರ್ಧವನ್ನು ಹೊದ್ದಿದ್ದ ಹವಳ, 1990ರ ದಶಕದ ಆರಂಭಕ್ಕೆ ಶೇಕಡ 5ಕ್ಕಿಂತ ಕೆಳಗಿಳಿಯಿತು. ಉಳಿದುದೆಲ್ಲ ಬಹುಮಟ್ಟಿಗೆ ಪಾಚಿಯ ರಾಜ್ಯ.

ನಮ್ಮ ಮನೆಯಲ್ಲಿಯೂ ಮೇಯುವವರನ್ನು ಕರೆಸಿದೆವು: ಟರ್ಬೊ ಎಂಬ ಹನ್ನೆರಡು ಶಂಖದ ಹುಳುಗಳು. ಅವು ಎಳೆಯ ಪಾಚಿಯನ್ನು ತಿನ್ನುತ್ತವೆಯೇ ಹೊರತು ಬಲಿತ ಕಾಡನ್ನಲ್ಲ. ಆದುದರಿಂದ ಮೊದಲು ಕೈಗೆ ಗವಸು, ಕಣ್ಣಿಗೆ ಕನ್ನಡಕ ಧರಿಸಿ, ಬಂಡೆಯನ್ನು ನೀರಿನಲ್ಲಿ ಮುಳುಗಿಸಿಟ್ಟುಕೊಂಡೇ, ಗುಂಡಿಹವಳವನ್ನು ಮುಟ್ಟದೆ, ಪಾಚಿಯನ್ನು ಬೇರುಸಹಿತ ಕಿತ್ತೆವು. ಉಪ್ಪು ಕಲಸಲು ಲವಣಗಳನ್ನೆಲ್ಲ ಹೀರುವ ರಾಳದ ಶೋಧಕವನ್ನು ಹಾಯ್ದ ನೀರನ್ನೇ ತಂದೆವು. ವಾರಕ್ಕೆ ಇಪ್ಪತ್ತು ಲೀಟರ್ ಬದಲಾವಣೆ. ದೀಪ ದಿನಕ್ಕೆ ಎಂಟು ಗಂಟೆ. ಊಟದ ಡಬ್ಬಿ ಮಗಳೊಬ್ಬಳ ವಶಕ್ಕೆ. ಅವಳು ದಿನಕ್ಕೊಮ್ಮೆ, ಚಿಟಿಕೆಯಷ್ಟು. ಅಜ್ಜಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತಿಂಗಳಾದರೂ ಪಾಚಿ ಕದಲಲಿಲ್ಲ. ಬಂಡೆಯ ಸುಣ್ಣ, ಮೊದಲು ಹೀರಿಟ್ಟುಕೊಂಡ ಫಾಸ್ಫೇಟನ್ನು ಸಾಲಗಾರನು ಕಂತು ತೀರಿಸುವಂತೆ ನಿಧಾನವಾಗಿ ಬಿಡುತ್ತಿರುತ್ತದೆ. ಇದನ್ನರಿಯದ ನಾನು ತಾಳ್ಮೆಗೆಟ್ಟು, ಫಾಸ್ಫೇಟು ಹೀರುವ ಕಬ್ಬಿಣದ ಆಕ್ಸೈಡಿನ ಹರಳನ್ನು ಡಬ್ಬಿಯ ಮೇಲೆ ಬರೆದುದಕ್ಕಿಂತ ಇಮ್ಮಡಿ ಹಾಕಿದೆ. ಎರಡು ವಾರದಲ್ಲಿ ಪರೀಕ್ಷೆಯ ಬಣ್ಣ ಶೂನ್ಯ ತೋರಿತು. ಹಸಿರು ಬಿಳಿಚಿ ಉದುರಿತು. ನಾನು ಸಿಂಗಪುರಕ್ಕೆ ವಿಜಯವಾರ್ತೆ ಕಳುಹಿಸಿದೆ.

ಹತ್ತು ದಿನದ ಮೇಲೆ ಮರಳಿನ ಮೇಲೆ ಕಂದು ಲೋಳೆ ಕಾಣಿಸಿತು. ಎಳೆಎಳೆಯಾಗಿ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ. ಅವು ಡೈನೋಫ್ಲಾಜೆಲೇಟುಗಳೆಂಬ ಏಕಕಣ ಜೀವಿಗಳು. ನೈಟ್ರೇಟು ಫಾಸ್ಫೇಟುಗಳು ಸಂಪೂರ್ಣ ಬತ್ತಿ, ಎದುರಾಳಿಗಳೆಲ್ಲ ಉಪವಾಸ ಬಿದ್ದಾಗ ಇವು ತಲೆಯೆತ್ತುತ್ತವೆ. ಇವುಗಳಲ್ಲಿ ಆಸ್ಟ್ರಿಯಾಪ್ಸಿಸ್ ಎಂಬ ಕುಲವು, ಆ ಗುಂಡಿಹವಳದ ವಿಷಕ್ಕೆ ಹತ್ತಿರದ ಬಂಧುವಾದ ವಿಷವನ್ನು ತಯಾರಿಸಬಲ್ಲುದು. ನಮ್ಮಲ್ಲಿ ಬಂದದ್ದು ಯಾವ ಕುಲವೋ ನಾನು ಸೂಕ್ಷ್ಮದರ್ಶಕದಲ್ಲಿ ನೋಡಲಿಲ್ಲ. ಹನ್ನೆರಡು ಹುಳುಗಳಲ್ಲಿ ಒಂಬತ್ತು ಸತ್ತವು. ಮಗಳು ಒಂದೊಂದನ್ನೂ ಎಣಿಸಿ, ತುಳಸಿಯ ಕಟ್ಟೆಯ ಹಿಂದೆ ಸಾಲಾಗಿ ಇಟ್ಟಳು. ನನ್ನೊಡನೆ ಎರಡು ದಿನ ಮಾತಾಡಲಿಲ್ಲ.

ಹರಳನ್ನು ತೆಗೆದೆ. ನೀರಿನ ಬದಲಾವಣೆಯನ್ನು ನಿಲ್ಲಿಸಿದೆ. ವಿಚಿತ್ರವೆಂದರೆ, ಈಗ ಮೀನಿಗೆ ಸ್ವಲ್ಪ ಹೆಚ್ಚು ಊಟ ಹಾಕಬೇಕಾಯಿತು. ಅಜ್ಜಿಗೆ ಅಧಿಕಾರ ಮರಳಿ ಬಂದಿತು. ಫಾಸ್ಫೇಟು 0.05ರ ಸುತ್ತ ನಿಂತ ಮೇಲೆ, ಆರು ವಾರಗಳಲ್ಲಿ ಕಂದು ಲೋಳೆ ಕರಗಿತು.

ಈಗ ತೊಟ್ಟಿಯ ಕೆಳಗಿನ ಚಿಕ್ಕ ಪೆಟ್ಟಿಗೆಯಲ್ಲಿ ಪಾಚಿಯನ್ನು ನಾವೇ ಸಾಕುತ್ತಿದ್ದೇವೆ. ಕೀಟೊಮಾರ್ಫ ಎಂಬ, ಬಲೆಯ ನೂಲು ಸಿಕ್ಕುಗಟ್ಟಿದಂಥ ಪಾಚಿಗೆ ರಾತ್ರಿ ದೀಪ ಹಚ್ಚುತ್ತೇವೆ. ಮೇಲಿನ ಪಾಚಿ ಉಣ್ಣಬೇಕಾದುದನ್ನು ಅದು ಕೆಳಗೇ ಉಣ್ಣುತ್ತದೆ. ತಿಂಗಳಿಗೊಮ್ಮೆ ಹಿಡಿಯಷ್ಟು ತೆಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕುತ್ತೇವೆ. ಚರಂಡಿಗಾಗಲಿ ಕೆರೆಗಾಗಲಿ ಅಲ್ಲ. ಮತ್ಸ್ಯಾಗಾರಗಳ ಅಲಂಕಾರವಾಗಿದ್ದ ಕಾಲರ್ಪ ಎಂಬ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಚದರ ಮೀಟರಿನಷ್ಟು ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರನ್ನು ಹೊದ್ದಿತು. 2000ದಲ್ಲಿ ಅದು ಕ್ಯಾಲಿಫೋರ್ನಿಯದಲ್ಲಿ ತೋರಿದಾಗ, ಟಾರ್ಪಾಲು ಮುಚ್ಚಿ ಕೆಳಗೆ ಕ್ಲೋರಿನ್ ಹಾಯಿಸಿ ಕೊಲ್ಲಬೇಕಾಯಿತು. ನಿರ್ಮೂಲವಾಯಿತೆಂದು ಸಾರಲು 2006ರವರೆಗೆ ಕಾಯಬೇಕಾಯಿತು.

ಬಂಡೆಯ ಹಿಂಬದಿಯಲ್ಲಿ ಒಂದು ಹಸಿರು ಜುಟ್ಟು ಇನ್ನೂ ಇದೆ. ಕೀಳಲು ಹೋದರೆ ಮಗಳು ಬಿಡುವುದಿಲ್ಲ. ಉಳಿದ ಮೂರು ಹುಳುಗಳಲ್ಲಿ ಒಂದು ದಿನವೂ ಸಂಜೆ ಅಲ್ಲಿಗೇ ಊಟಕ್ಕೆ ಬರುತ್ತದಂತೆ.