ಬೆಟ್ಟದ ಮಕ್ಕಳಿಗೆ ಕಡಲ ಪಾಠ; ಫ್ರಾನ್ಸಿನಲ್ಲಿ ಮೊದಲು ‘ಬೊಂಜೂರ್’ ಕಲಿಯಿರಿ

ನಡುವಟ್ಟಂ (ನೀಲಗಿರಿ): ಗೂಡಲೂರಿನಿಂದ ಊಟಿಗೆ ಏರುವ ಬಸ್ಸು ಇಲ್ಲಿ ಮುಟ್ಟುವ ಹೊತ್ತಿಗೆ ಮಂಜು ಕಿಟಕಿಯೊಳಗೇ ಬಂದಿರುತ್ತದೆ. ಸುಮಾರು ಎರಡು ಸಾವಿರ ಮೀಟರ್ ಎತ್ತರದ ಚಹಾ ತೋಟದ ಊರಿದು. ಸಮುದ್ರ ನೋಡಬೇಕಾದರೆ ಗೂಡಲೂರಿಗಿಳಿದು, ನಾಡುಕಾಣಿ ಘಾಟಿ ದಾಟಿ, ನಿಲಂಬೂರು ಮೇಲಿಂದ ಕೋಝಿಕ್ಕೋಡಿಗೆ ಹೋಗಬೇಕು. ನೂರು ಕಿ.ಮೀ. ಮೀರಿದ ದಾರಿ. ಇಂಥ ಊರಿನ ಹುಡುಗಿಯೊಬ್ಬಳು ‘ಮರೈನ್ ಬಯಾಲಜಿ ಓದ್ತೀನಿ, ಅದೂ ಫ್ರಾನ್ಸಿನಲ್ಲಿ’ ಅಂದರೆ ಮನೆಯಲ್ಲಿ ಮೊದಲು ನಗು, ಆಮೇಲೆ ಲೆಕ್ಕ, ಕೊನೆಗೆ ಭಯ.

ನಗುವಂಥದ್ದೇನಿಲ್ಲ. 1860ರ ದಶಕದಲ್ಲಿ ಬ್ರಿಟಿಷರು ಇಲ್ಲಿ ಸಿಂಕೋನಾ ತೋಟ ಎಬ್ಬಿಸಿದಾಗ ಚೀನೀ ಕೈದಿಗಳನ್ನು ದುಡಿಸಿಕೊಂಡ ಕಥೆ ಊರಿಗೆಲ್ಲ ಗೊತ್ತು. ಆದರೆ ಆ ತೊಗಟೆಯಿಂದ ಮಲೇರಿಯಾ ಮದ್ದು ಕ್ವಿನೈನನ್ನು ಮೊದಲು ಬೇರ್ಪಡಿಸಿದವರು ಪೆಲ್ತಿಯೇ ಮತ್ತು ಕಾವೆಂತು ಎಂಬ ಇಬ್ಬರು ಫ್ರೆಂಚರು, 1820ರಲ್ಲಿ, ಪ್ಯಾರಿಸಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಲೆಶೆನೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಗಿಡ ಹುಡುಕುತ್ತ ನೀಲಗಿರಿ ಹತ್ತಿದ್ದ. ಈತ ಅದಕ್ಕೆ ಮುಂಚೆ ಆಸ್ಟ್ರೇಲಿಯಾ ಕಡೆಗೆ ಹೊರಟ ಹಡಗಿನ ಸಂಶೋಧನಾ ತಂಡದಲ್ಲಿದ್ದವನು. ಕಡಲಿನವ ಬೆಟ್ಟಕ್ಕೆ ಬಂದಿದ್ದಾನೆ, ಬೆಟ್ಟದವರು ಅತ್ತ ಹೋದರೆ ತಪ್ಪೇನು?

ಊಟಿ ಸರ್ಕಾರಿ ಕಾಲೇಜಿನಲ್ಲೋ ಮೈಸೂರಿನಲ್ಲೋ ಬಿ.ಎಸ್ಸಿ. ಮುಗಿಸಿದವರಿಗೆ ಹತ್ತಿರದಲ್ಲೇ ದಾರಿಗಳಿವೆ: ಮಂಗಳೂರು, ಕಾರವಾರ, ಕೊಚ್ಚಿ, ಅಣ್ಣಾಮಲೈ ವಿ.ವಿ.ಯ ಪರಂಗಿಪೇಟೆ ಕೇಂದ್ರ. ಹಾಗಿದ್ದೂ ಫ್ರಾನ್ಸ್ ಯಾಕೆ ಅಂದರೆ, ಬ್ರಿಟನಿ ಪ್ರಾಂತದ ರೊಸ್ಕಾಫ್‌ನಂಥ ಜಾಗ ಬೇರೆಡೆ ಅಪರೂಪ. ಅಲ್ಲಿ 1872ರಲ್ಲೇ ಲಕಾಜ್-ದ್ಯುತಿಯೇ ಎಂಬ ಪ್ರಾಣಿಶಾಸ್ತ್ರಜ್ಞ ಕಡಲ ಪ್ರಯೋಗಾಲಯ ತೆರೆದ. ಮಂಗಳೂರು ಕಡೆ ಭರತ-ಇಳಿತದ ಅಂತರ ಎರಡು ಮೀಟರಿನ ಒಳಗೆ; ರೊಸ್ಕಾಫ್‌ನಲ್ಲಿ ದೊಡ್ಡ ಭರತದ ದಿನ ಎಂಟು ಮೀಟರಿಗೂ ಹೆಚ್ಚು! ನೀರು ಇಳಿದಾಗ ಪಾಚಿ, ಏಡಿ, ನಕ್ಷತ್ರಮೀನು ಎಲ್ಲ ಬಂಡೆ ಮೇಲೆ ಬಯಲಾಗುತ್ತವೆ. ಕೆಲವೇ ಗಂಟೆ ಸಮಯ, ಆಮೇಲೆ ಸಮುದ್ರ ವಾಪಸ್. ಅಮಾವಾಸ್ಯೆ-ಹುಣ್ಣಿಮೆ ಸುಮಾರಿಗೆ ಇಳಿತ ಜೋರು. ಕಾಲೇಜಿನ ಗಂಟೆ ಅಲ್ಲಿ ನಡೆಯುವುದಿಲ್ಲ, ನೀರಿನ ಗಂಟೆಗೆ ಸರಿಯಾಗಿ ಬೂಟು ಹಾಕಿ ಇಳಿಯಬೇಕು. ಪಂಚಾಂಗ ನೋಡುವ ಮನೆಯವರಿಗೆ ಇದು ಕಷ್ಟವಲ್ಲ.

ಕಷ್ಟ ಬರುವುದು ದಡದ ಮೇಲೆ. ಅಂಗಡಿಗೆ ಕಾಲಿಟ್ಟವರು ‘ಬೊಂಜೂರ್’ ಅನ್ನದೆ ಬೆಲೆ ಕೇಳಿದರೆ ಅಲ್ಲಿ ಅದು ಒರಟುತನ. ನಮ್ಮ ಮಕ್ಕಳು ನಾಚಿಕೆಯಿಂದ ಸುಮ್ಮನಿದ್ದರೆ ಅವರಿಗೆ ಸೊಕ್ಕಿನಂತೆ ಕಾಣುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಎರಡು ಊಟದ ಹೊತ್ತು, ಸಣ್ಣ ಊರುಗಳಲ್ಲಿ ಎಷ್ಟೋ ಅಂಗಡಿಗಳ ಬಾಗಿಲು ಬಂದ್. ಭಾನುವಾರವೂ ಹಾಗೇ. ಶನಿವಾರವೇ ಅಕ್ಕಿ-ಬೇಳೆ ತರದಿದ್ದರೆ ಉಪವಾಸ. ಮೀನು ಓದಲು ಹೋದ ಸಸ್ಯಾಹಾರಿಗೆ ಕ್ಯಾಂಟೀನಿನಲ್ಲಿ ಮೀನೇ ಎದುರಾಗುತ್ತದೆ. ಪುಣ್ಯಕ್ಕೆ ಬ್ರಿಟನಿಯಲ್ಲಿ ‘ಗಾಲೆಟ್’ ಅಂತ ಕಪ್ಪು ಹಿಟ್ಟಿನ ತೆಳು ದೋಸೆ ಇದೆ. ಚಟ್ನಿ ಮಾತ್ರ ಮನೆಯಿಂದಲೇ ಒಯ್ಯಬೇಕು.

ಅಂಕದ ವಿಷಯ ಅಪ್ಪ-ಅಮ್ಮಂದಿರು ಗಮನಿಸಬೇಕು. ಅಲ್ಲಿ 20ಕ್ಕೆ ಲೆಕ್ಕ. 10 ಬಂದರೆ ಪಾಸು, 14 ಬಂದರೆ ‘ಚೆನ್ನಾಗಿದೆ’, 16 ದಾಟುವವರು ಕೆಲವರೇ. 12 ಬಂತೆಂದು ಮಗಳು ಫೋನಿನಲ್ಲಿ ಹೇಳಿದರೆ ಬೈಯಬೇಡಿ.

ಭಾಷೆಯ ಭಯ ನಮ್ಮವರಿಗೆ ಕಡಿಮೆ ಇರಬೇಕು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಶಾಲೆಯಲ್ಲಿ 2006ರ ಕಾಯ್ದೆ ನಂತರ ಕಡ್ಡಾಯವಾಗುತ್ತ ಬಂದ ತಮಿಳು. ವಿನಾಯಿತಿ ಕೇಳಿ ಅಲ್ಪಸಂಖ್ಯಾತ ಭಾಷಿಕರು ಕೋರ್ಟು ಹತ್ತಿದ್ದೂ ಆಯಿತು. ಕಾಲೇಜಿನಲ್ಲಿ ಇಂಗ್ಲಿಷ್. ಇಷ್ಟು ಹೊತ್ತವರಿಗೆ ಫ್ರೆಂಚ್ ಇನ್ನೊಂದು ಹೊರೆ, ಅಷ್ಟೆ. ಅಲ್ಲಿನ ‘ತ್ಯು’ ಮತ್ತು ‘ವೂ’ ಇಂಗ್ಲಿಷಿನವರಿಗೆ ತಲೆನೋವು. ನಮಗೆ ನೀನು-ನೀವು, ಮರಾಠಿಯವರಿಗೆ ತೂ-ತುಮ್ಹಿ. ಪ್ರೊಫೆಸರಿಗೆ ಯಾವುದೆಂದು ಹೇಳಿಕೊಡಬೇಕಿಲ್ಲ. ಇಂಗ್ಲಿಷಿನಲ್ಲೇ ನಡೆಯುವ ಮಾಸ್ಟರ್ಸ್ ಕೋರ್ಸುಗಳೂ ಇವೆ. ಆದರೆ ಡಾಕ್ಟರು, ಬ್ಯಾಂಕು, ಬಾಡಿಗೆ ಮನೆಯವರ ಹತ್ತಿರ ಫ್ರೆಂಚ್ ಬೇಕೇ ಬೇಕು. ಬೆಂಗಳೂರು, ಚೆನ್ನೈಯ ಅಲಯಾನ್ಸ್ ಫ್ರಾಂಸೇಸ್‌ನಲ್ಲಿ ಹೊರಡುವ ಮುಂಚೆಯೇ ಕಲಿಯುವುದು ಜಾಣತನ.

ಇನ್ನು ದುಡ್ಡು. ಸರ್ಕಾರಿ ವಿ.ವಿ.ಗಳಲ್ಲಿ ಯುರೋಪಿನ ಮಕ್ಕಳಿಗೆ ಮಾಸ್ಟರ್ಸ್ ಶುಲ್ಕ ವರ್ಷಕ್ಕೆ 243 ಯೂರೊ ಇದ್ದ 2019ರಲ್ಲಿ ಹೊರಗಿನವರಿಗೆ 3,770 ಎಂದು ಏರಿಸಿದರು. ತಾರತಮ್ಯವೇ, ಅನುಮಾನವಿಲ್ಲ. ಕೆಲವು ವಿ.ವಿ.ಗಳು ರಿಯಾಯಿತಿ ಕೊಡುತ್ತವೆ, ಕೇಳಿ ನೋಡಬೇಕು. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ. 2021ರ ನಂತರದ ಲೆಕ್ಕದಲ್ಲಿ ತಿಂಗಳಿಗೆ 1,400 ಯೂರೊ ಖರ್ಚಿಗೂ ಸಿಗುತ್ತದೆ. ಅದು ಸಿಗದವರು ತೋಟದ ಸಂಬಳ ನಂಬಿ ಸಾಲ ಮಾಡುವ ಮುನ್ನ ಎರಡು ಸಲ ಕೂಡಿ ಕಳೆಯಲಿ. ಓದುವಾಗ ವರ್ಷಕ್ಕೆ 964 ಗಂಟೆ ಮಾತ್ರ ದುಡಿಯಲು ಅವಕಾಶ. ಅದರಿಂದ ಬಾಡಿಗೆ ಹೊರಟೀತು, ಸಾಲದ ಕಂತು ಹೊರಡದು.

ಫೋನಿನ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಿ. ಅಲ್ಲಿನ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಮಗಳು ರಾತ್ರಿ ಎಂಟಕ್ಕೆ ಊಟಕ್ಕೆ ಕೂತಾಗ ಇಲ್ಲಿ ಅಮ್ಮ ಮಲಗಿ ಎಷ್ಟೋ ಹೊತ್ತಾಗಿರುತ್ತದೆ, ಬೆಳಿಗ್ಗೆ ಎದ್ದು ಸೊಪ್ಪು ಕೀಳಲು ಹೋಗಬೇಕಲ್ಲ.