ಮುಜಂಟಿ ಜೇನಿನ ವಂಶವಾಹಿ ಮತ್ತು ನೆಲದ ನಂಟು

ಷಿಕಾಗೊ, ಡೆಟ್ರಾಯಿಟ್ ಸುತ್ತಮುತ್ತ ಮುಜಂಟಿ ಜೇನನ್ನು ಸಾಕಬಹುದೇ ಎಂದು ಕನ್ನಡ ಮಿತ್ರರು ನನ್ನನ್ನು ಕೇಳುವುದುಂಟು. ಆಗದು. ಮಿಸ್ರಿ, ನಸರಿ ಎಂದೂ ಕರೆಯುವ ಈ ಚುಚ್ಚದ ಜೇನು ಉಷ್ಣವಲಯದ್ದು. ಇಲ್ಲಿನ ಚಳಿಗಾಲ ತಾಳದು. ಇಲ್ಲಿ ಸಾಕುವ ಜೇನೂ 1622ರಲ್ಲಿ ಯುರೋಪಿನಿಂದ ವರ್ಜೀನಿಯಕ್ಕೆ ಬಂದದ್ದೇ.

ಮಲೆನಾಡಿನ ಮುಜಂಟಿಯೂ ಬಯಲುಸೀಮೆಯದೂ ನೋಡಲು ಒಂದೇ. ವಂಶವಾಹಿಯಲ್ಲಿ ಒಂದೇ ಆಗಿರಬೇಕಿಲ್ಲ. ಕಾರಣ, ಅವು ಪಾಲಾಗುವ ಕ್ರಮ. ಕೆಲಸಗಾರ ನೊಣಗಳು ಹಳೆಯ ಗೂಡಿನಿಂದಲೇ ಮೇಣ, ಅಂಟು, ಆಹಾರ ಹೊತ್ತು ಹೊಸ ಗೂಡು ಕಟ್ಟುತ್ತವೆ. ಅವುಗಳ ಹಾರಾಟ ಕೆಲವು ನೂರು ಮೀಟರ್ ಮಾತ್ರ. ಹಾಗಾಗಿ ಮಗಳು ರಾಣಿ ತವರಿನ ಹತ್ತಿರವೇ ನೆಲೆಸುತ್ತಾಳೆ. ತಾಯಿಯಿಂದಲೇ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಊರೂರಿಗೆ ಬೇರೆಯಾಗುತ್ತದೆ. ಬೇರೆ ಗೂಡುಗಳತ್ತ ಹಾರುವ ಗಂಡುಗಳು ಉಳಿದ ವಂಶವಾಹಿಗಳನ್ನು ಬೆರೆಸುತ್ತವೆ. ನಡುವಿನ ಮರಗಳು ಹೋದರೆ ಆ ಬೆರಕೆಯೂ ಕಡಿಮೆಯಾಗುತ್ತದೆ.

ಆಗ ಅಪಾಯವೇನು? ಜೇನಿನಲ್ಲಿ ಲಿಂಗ ನಿರ್ಧರಿಸುವ ವಂಶವಾಹಿಯ ಎರಡು ಪ್ರತಿಗಳು ಬೇರೆಬೇರೆಯಾದರೆ ಹೆಣ್ಣು. ರಕ್ತಸಂಬಂಧದಲ್ಲಿ ಕೂಡಿ ಎರಡೂ ಒಂದೇ ಆದರೆ, ಕೆಲಸಗಾರ್ತಿ ಹುಟ್ಟಬೇಕಾದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಅದು ದುಡಿಯದು, ಗೂಡು ಸೊರಗುತ್ತದೆ. ಬಂಬಲ್‌ಬೀಗಳಿಗೂ ಇದೇ ನಿಯಮ. ಷಿಕಾಗೊ ಸುತ್ತಲೂ ಇರುವ ತುಕ್ಕುಮಚ್ಚೆಯ ಬಂಬಲ್‌ಬೀ 2017ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಹಿಂಡು ಚಿಕ್ಕದಾದಷ್ಟೂ ಇಂಥ ಗಂಡುಗಳ ಭಯ ಹೆಚ್ಚು.

ಊರಿನ ತೋಟಕ್ಕೆ ಮುಜಂಟಿ ಪೆಟ್ಟಿಗೆ ಕೊಳ್ಳಲು ಇಲ್ಲಿಂದ ಹಣ ಕಳಿಸುವವರಿಗೆ ನನ್ನ ಮಾತು ಇಷ್ಟೆ: ಒಂದೇ ತಾಯಿಗೂಡನ್ನು ಪಾಲುಮಾಡಿದ ಹತ್ತು ಪೆಟ್ಟಿಗೆ ಬೇಡ, ದೂರದ ಸೀಮೆಯದೂ ಬೇಡ. ಅದೇ ಸೀಮೆಯ ನಾಲ್ಕಾರು ಬೇರೆಬೇರೆ ಗೂಡುಗಳ ಸಂತತಿಯನ್ನು ಕೇಳಿ ತರಿಸಿ.